ಇಪ್ಪತ್ತೆರಡು ಸಾವಿರ ಮಕ್ಕಳ ಹಾಜರಿ

ಜೂನ್ 9, ಸೋಮವಾರ

ಈ ಡೈರಿಯನ್ನು ಕನ್ನಡದಲ್ಲಿ ಬರೆಯುವುದಕ್ಕೆ ಮುಖ್ಯ ಕಾರಣ, ಸೊಸೆಗೆ ಕನ್ನಡ ಓದಲು ಬರುವುದಿಲ್ಲ. ನಾಜಿಶ್ ತಮಿಳುನಾಡಿನ ವಾಣಿಯಂಬಾಡಿಯ ಹುಡುಗಿ. ಉರ್ದು, ತಮಿಳು, ಇಂಗ್ಲಿಷ್ ಮೂರನ್ನೂ ಪಟಪಟ ಓದುತ್ತಾಳೆ. ಹಾಗಾಗಿ ಈ ಮನೆಯಲ್ಲಿ ಗುಟ್ಟು ಉಳಿಯಬೇಕಾದರೆ ಕನ್ನಡವೇ ಗತಿ. ನಮ್ಮ ಯಜಮಾನರು ಅಮೀರ್ ಸಾಹೇಬರು ಓದಬಲ್ಲರು. ಆದರೆ ತಮ್ಮ ಟ್ರಂಕು ಅಂಗಡಿಯ ಬೋರ್ಡು ಬಿಟ್ಟು ಅವರು ಬೇರೇನನ್ನೂ ಓದಿದ್ದನ್ನು ನಾನಂತೂ ಕಂಡಿಲ್ಲ.

ಮಾರ್ಚಿನಲ್ಲಿ ನಮ್ಮ ಶಾಲೆಗೆ ಬೀಗ ಬಿತ್ತು. ಶಿವಾಜಿನಗರದ ಆ ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟೆ. ಒಂದು ಕಾಲದಲ್ಲಿ ಹತ್ತನೇ ‘ಬಿ’ ತರಗತಿ ಹೇಗೆ ತುಂಬಿ ತುಳುಕುತ್ತಿತ್ತೆಂದರೆ, ಬೆಂಚಿನ ತುದಿಯಲ್ಲಿದ್ದವಳು ಬೀಳದಿರಲೆಂದು ಪಕ್ಕದವಳು ಒಂದು ಕೈಯಲ್ಲಿ ಅವಳ ಸೊಂಟ ಹಿಡಿದು ಇನ್ನೊಂದು ಕೈಯಲ್ಲಿ ಲೆಕ್ಕ ಬಿಡಿಸುತ್ತಿದ್ದಳು. ಕೊನೆಯ ವರ್ಷ ಉಳಿದವರು ಆರೇ ಹುಡುಗಿಯರು. ಆರು ಜನಕ್ಕೆ ಶಾಲೆ ನಡೆಸಲು ಆಗುವುದಿಲ್ಲವಂತೆ. ನನ್ನ ನಿವೃತ್ತಿಗೆ ಇನ್ನೂ ಎರಡು ವರ್ಷವಿತ್ತು, ಅದನ್ನು ಯಾರೂ ಕೇಳಲಿಲ್ಲ.

ಜೂನ್ ಬಂತೆಂದರೆ ಕೈ ತಾನಾಗಿ ಸೀಮೆಸುಣ್ಣ ಹುಡುಕುತ್ತದೆ. ಸುಮ್ಮನೆ ಕೂತು ಕೂತು ಹುಚ್ಚು ಹಿಡಿಯುವ ಹೊತ್ತಿಗೆ ಇಂದಿರಾನಗರದ ಒಂದು ಸಂಸ್ಥೆಯಿಂದ ಕರೆ ಬಂತು. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲಾಗಿ ಓದು ಬಿಟ್ಟವರಿಗಾಗಿ ಇಂಟರ್ನೆಟ್‌ನಲ್ಲಿ ಪೂರ್ತಿ ಉಚಿತ ಕೋರ್ಸು. ಹೆಸರು ‘ಗಣಿತ ಮತ್ತೊಮ್ಮೆ’. ಫೋನಿದ್ದವರು ಯಾರು ಬೇಕಾದರೂ ಸೇರಬಹುದು. ಸೇರಿದವರು ಇಪ್ಪತ್ತೆರಡು ಸಾವಿರ! ಕೇಳಿ ನಾನು ಕುರ್ಚಿ ಹಿಡಿದುಕೊಂಡೆ.

ಇವತ್ತು ಮೊದಲ ರೆಕಾರ್ಡಿಂಗ್. ಗೋಡೆಗೆಲ್ಲ ಕಪ್ಪು ಸ್ಪಂಜು ಅಂಟಿಸಿದ ಕೋಣೆ, ಎದುರಿಗೆ ಕ್ಯಾಮೆರಾ. ಇಪ್ಪತ್ತೆರಡು ಸಾವಿರದಲ್ಲಿ ಒಬ್ಬರೂ ಇಲ್ಲ. ನಾನು ಗೋಡೆಯನ್ನೇ ನೋಡುತ್ತ ನಿಂತೆ.

“ಮಿಸ್, ಗೋಡೆ ನೋಡ್ಬೇಡಿ, ಲೆನ್ಸ್ ನೋಡಿ. ಲೆನ್ಸೇ ಸ್ಟೂಡೆಂಟ್ ಅಂದ್ಕೊಳಿ,” ಎಂದಳು ಕ್ಯಾಮೆರಾದ ಹುಡುಗಿ ಮೋನಿಷಾ. ಹಲಸೂರಿನವಳು, ಚುರುಕಾಗಿದ್ದಾಳೆ.

“ಈ ಸ್ಟೂಡೆಂಟ್ ಕಣ್ಣೇ ಮಿಟುಕಿಸಲ್ವಲ್ಲಮ್ಮಾ,” ಎಂದೆ.

ಮೂರು ಸಲ ಶುರು ಮಾಡಿ ಮೂರು ಸಲ ನಿಲ್ಲಿಸಿದೆ. ಕೊನೆಗೆ ಏನೂ ತೋಚದೆ ಕಣ್ಣು ಮುಚ್ಚಿ ಹಾಜರಿ ಕರೆದೆ. ಆ ಹಳೆಯ ಹತ್ತನೇ ‘ಬಿ’ಯ ಹಾಜರಿ, ಬಾಯಿಪಾಠ ನನಗೆ. ಅರೀಬಾ, ಮೆಹರುನ್ನೀಸಾ, ಶಾಂತಕುಮಾರಿ, ಸುಕನ್ಯ… ಕೊನೆಯ ಹಂಸಳವರೆಗೂ. ಒಬ್ಬೊಬ್ಬಳೂ ಎದ್ದು ನಿಂತು “ಹಾಜರ್ ಮಿಸ್” ಅಂದ ಹಾಗಾಯಿತು. ಆಮೇಲೆ ಕಣ್ಣು ಬಿಟ್ಟು ಭಿನ್ನರಾಶಿ ಪಾಠ ಮಾಡಿದೆ, ಒಂದೇ ಉಸಿರಿಗೆ.

ಜೂನ್ 16, ಸೋಮವಾರ

ಹಾಜರಿಯನ್ನು ಕತ್ತರಿಸಿಬಿಟ್ಟಿದ್ದಾರೆ. ಕೋರ್ಸಿನ ಉಸ್ತುವಾರಿ ಸುನಿಲ್ ಎಂಬ ಯುವಕನದು. ಒಳ್ಳೆಯವನೇ. ಆದರೆ ಏನು ಹೇಳಿದರೂ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸುತ್ತಾನೆ.

“ಡೇಟಾ ನೋಡಿ ಮೇಡಂ. ಮೊದ್ಲನೇ ನಿಮಿಷದಲ್ಲಿ ಹಿಡ್ಕೊಂಡಿಲ್ಲ ಅಂದ್ರೆ ಜನ ಹೊರಟೋಗ್ತಾರೆ. ಆ ಅಟೆಂಡೆನ್ಸ್ ಯಾರಿಗೆ ಬೇಕು ಹೇಳಿ?”

“ನನಗೆ ಬೇಕು,” ಎಂದೆ.

ಅವನು ನಕ್ಕ. ಆಮೇಲೆ ಕೂರಿಸಿಕೊಂಡು ವಿಷಯ ಹೇಳಿದ. ಸೆಪ್ಟೆಂಬರಿನಲ್ಲಿ ಕೊನೆಯ ಪರೀಕ್ಷೆ. ಅದನ್ನು ಫೋನಿನಲ್ಲಿ ಅಲ್ಲ, ಆಯಾ ಊರಿನ ಕೇಂದ್ರಕ್ಕೆ ಬಂದು ಪೇಪರಿನ ಮೇಲೆ ಬರೆಯಬೇಕು. ಸಾವಿರ ಜನ ಬರೆದರೆ ಕೋರ್ಸಿನ ಎರಡನೇ ಭಾಗಕ್ಕೆ ಒಪ್ಪಿಗೆ, ಅಂದರೆ ರೇಖಾಗಣಿತಕ್ಕೆ. ಬರೆಯದಿದ್ದರೆ ಇಲ್ಲಿಗೇ ಮುಗಿಯಿತು.

ಇಪ್ಪತ್ತೆರಡು ಸಾವಿರದಲ್ಲಿ ಸಾವಿರ ಜನ ಬರೆಯುವುದಿಲ್ಲವೇ? ಖಂಡಿತ ಬರೆಯುತ್ತಾರೆ. ರೇಖಾಗಣಿತ ಅಂದರೆ ನನಗೆ ಪ್ರಾಣ. ಎರಡನೇ ಭಾಗ ಬಂದರೆ ಇನ್ನೊಂದು ವರ್ಷ ನಾನು ಮಿಸ್ಸು. ಬರದಿದ್ದರೆ ನಾಜಿಶ್‌ಗೆ ಬೆಳ್ಳುಳ್ಳಿ ಸುಲಿದುಕೊಡುವ ಅಮ್ಮೀ, ಅಷ್ಟೇ.

ಮೋನಿಷಾ ಒಂದು ಉಪಾಯ ಮಾಡಿದ್ದಾಳೆ. “ನೀವು ಕರೀರಿ ಮಿಸ್, ನಿಮ್ ಹಾಜರಿ ಮುಗಿಯೋ ತನಕ ಇರೋದನ್ನ ನಾನೇ ಎಡಿಟಿಂಗಲ್ಲಿ ತೆಗೆದ್ಹಾಕ್ತೀನಿ. ಸುನಿಲ್ ಸರ್‌ಗೆ ಗೊತ್ತೇ ಆಗಲ್ಲ.” ಹಾಗಾಗಿ ಪ್ರತಿ ಪಾಠಕ್ಕೂ ಮುಂಚೆ ನನ್ನ ಹುಡುಗಿಯರು ಬಂದು ಹೋಗುತ್ತಾರೆ. ಯಾರಿಗೂ ಕಾಣಿಸುವುದಿಲ್ಲ.

ಜೂನ್ 25, ಬುಧವಾರ

ಶಾಲೆಯ ಮುಂದೆ ಹಾದು ಬಂದೆ. ಹೆಂಚು ಇಳಿಸುತ್ತಿದ್ದಾರೆ. ಹತ್ತನೇ ‘ಬಿ’ಯ ಗೋಡೆ ಅರ್ಧ ಹೋಗಿದೆ. ಕರಿಹಲಗೆ ಇದ್ದ ಜಾಗ ಮಾತ್ರ ಬಿಸಿಲಿಗೆ ಕಪ್ಪಗೆ ಕಾಣುತ್ತಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ಹುಡುಗಿಯರು ಅಲ್ಲಿ ಪರಸ್ಪರ ಡಬ್ಬಿ ಬದಲಾಯಿಸಿಕೊಳ್ಳುತ್ತಿದ್ದರು. ಶಾಂತಕುಮಾರಿಯ ನಿಂಬೆ ಚಿತ್ರಾನ್ನಕ್ಕೆ ಮೆಹರುನ್ನೀಸಾ ಕಾದು ಕೂರುತ್ತಿದ್ದಳು. ನನಗೂ ಒಂದು ತುತ್ತು ಬರುತ್ತಿತ್ತು.

ಇವತ್ತು ಬರೆಯಲು ಮನಸ್ಸಿಲ್ಲ.

ಜುಲೈ 3, ಗುರುವಾರ

ಕೋರ್ಸಿನಲ್ಲಿ ‘ಚರ್ಚೆ’ ಎಂಬ ಒಂದು ಪುಟವಿದೆ. ಕಲಿಯುವವರು ಅಲ್ಲಿ ಪರಿಚಯ ಬರೆಯಬೇಕು. ನಾಜಿಶ್ ಅದನ್ನು ನನ್ನ ಫೋನಿಗೆ ಹಾಕಿಕೊಟ್ಟಳು. ಬೆಳಿಗ್ಗೆಯಿಂದ ಅದನ್ನೇ ನೋಡುತ್ತ ಕೂತಿದ್ದೇನೆ. ಹಾಲು ಉಕ್ಕಿ ಹೋಯಿತು.

ಯಾದಗಿರಿ ಕಡೆಯ ಸಾಬಮ್ಮ ಹಾಸ್ಟೆಲಿನ ಅಡುಗೆಮನೆಯವಳು. ರೊಟ್ಟಿ ಬಡಿಯುತ್ತ, ಫೋನನ್ನು ಹಿಟ್ಟಿನ ಡಬ್ಬಕ್ಕೆ ಒರಗಿಸಿ ಪಾಠ ಕೇಳುತ್ತಾಳಂತೆ. ಅವಳೂರಿನಿಂದ ನನ್ನ ಶಾಲೆಗೆ ಯಾರು ಬರಲು ಸಾಧ್ಯವಿತ್ತು? ಲಿಖಿತ್ ಎಂಬ ಹುಡುಗ ಊಟದ ಪಾರ್ಸೆಲ್ ಡೆಲಿವರಿ ಮಾಡುತ್ತಾನೆ, ಹೋಟೆಲ್ ಮುಂದೆ ಕಾಯುವಾಗ ಓದುತ್ತಾನೆ. ಸಕ್ಲೇನ್ ಎಂಬುವವನು ಬರೀ ಹೆಸರು ಬರೆದು ಸುಮ್ಮನಾಗಿದ್ದಾನೆ. ನನ್ನ ತರಗತಿಯಲ್ಲೂ ಅಂಥ ಒಬ್ಬಳು ಯಾವಾಗಲೂ ಇರುತ್ತಿದ್ದಳು.

ಬರೆಯಲು ಬೇಸರವೆಂದು ಒಬ್ಬಾಕೆ ಧ್ವನಿ ಕಳಿಸಿದ್ದಾರೆ. ಕೇಳಿ ಕೇಳಿ ನಕ್ಕೆ.

“ನಮಸ್ಕಾರ ಮಿಸ್. ನನ್ ಎಸ್ರು ರಾಮಲಕ್ಷ್ಮಮ್ಮ. ಗರುಡಾಚಾರ್‌ಪಾಳ್ಯ. ಮುನೇಸ್ವರನ ಗುಡಿ ಹಿಂದ್ಗಡೆ, ಕೆಳಗೆ ಕೊರಿಯರ್ ಆಫೀಸು, ಮೇಲೆ ಪೀಜಿ, ಮುಂದ್ಗಡೆ ಹಸ ಕಟ್ಟಿರ್ತೀವಿ, ಅದೇ ನಮ್ಮನೆ. ಗಣಿತದಾಗೆ ಫೇಲಾದೆ ಅಂತ ನಮ್ಮಪ್ಪ ಸ್ಕೂಲ್ ಬುಡಿಸ್ಬುಟ್ರು. ಈಗ ಅರವತ್ತಾಯ್ತು. ಒಂದ್ಸಲ ಪಾಸು ಅನ್ನಿಸ್ಕೊಂಡು ಸಾಯ್ಬೇಕು ಅಂತ ಆಸೆ. ಈ ಕಡೆ ಬಂದ್ರೆ ಮನೆಗ್ ಬನ್ನಿ.”

ಇಪ್ಪತ್ತೆರಡು ಸಾವಿರ ಜನ ಕೇಳುವ ಕಡೆ ಮನೆಯ ಗುರುತು ಹೇಳಿ, ಮನೆಗೆ ಬೇರೆ ಕರೆದಿದ್ದಾರೆ ಮಹಾತಾಯಿ!

ಜುಲೈ 15, ಮಂಗಳವಾರ

ಸುನಿಲ್ ಲ್ಯಾಪ್‌ಟಾಪ್ ತಿರುಗಿಸಿದ. ಐದನೇ ಪಾಠ ನೋಡಿದವರು ನಾಲ್ಕು ಸಾವಿರ. ಉಳಿದವರೆಲ್ಲಿ?

“ಬಿಟ್ಟೋಗಿದಾರೆ ಮೇಡಂ. ಇದು ನಾರ್ಮಲ್. ಎಲ್ಲಾ ಫ್ರೀ ಕೋರ್ಸಲ್ಲೂ ಹೀಗೇ. ಸೇರೋದು ಸುಲಭ, ಬಿಡೋದು ಇನ್ನೂ ಸುಲಭ.”

ನಾರ್ಮಲ್ ಅಂತೆ! ಹದಿನೆಂಟು ಸಾವಿರ ಮಕ್ಕಳು ಎದ್ದು ಹೋಗಿದ್ದಾರೆ, ಯಾಕೆ ಹೋದಿರಿ ಎಂದು ಒಬ್ಬರನ್ನೂ ಕೇಳಿಲ್ಲ. ನಮ್ಮಲ್ಲಿ ಒಬ್ಬಳು ಎರಡು ದಿನ ಬಾರದಿದ್ದರೆ ಹೆಡ್‌ಮಿಸ್ಟ್ರೆಸ್ ನನ್ನನ್ನು ಕರೆದು ಕೇಳುತ್ತಿದ್ದರು. ಬಸ್ಸಿನಲ್ಲಿ ಬರುವಾಗ ಕೋಪಕ್ಕೆ ಕಣ್ಣಲ್ಲಿ ನೀರೇ ಬಂತು. ಈ ಲೆಕ್ಕದಲ್ಲಿ ಸಾವಿರವೂ ಉಳಿಯುವುದಿಲ್ಲ.

ಅಮೀರ್ ಸಾಹೇಬರಿಗೆ ಹೇಳಿದೆ. ಮನೆಯಲ್ಲಿ ನಮ್ಮದು ದಖ್ಖನಿ ಉರ್ದು, ಇಲ್ಲಿ ಕನ್ನಡ ಮಾಡಿ ಬರೆಯುತ್ತೇನೆ. “ಅರೆ ಶರ್ಫೂ, ನನ್ನ ಅಂಗಡಿ ಮುಂದೆ ದಿನಕ್ಕೆ ಹತ್ತು ಸಾವಿರ ಜನ ಓಡಾಡ್ತಾರೆ. ಟ್ರಂಕು ತಗೊಳ್ಳೋರು ಇಬ್ಬರು. ನಾನು ಅಳ್ತೀನಾ?” ಎಂದರು.

“ಅಜೀ, ನಿಮ್ಮದು ಟ್ರಂಕು. ನನ್ನದು ಮಕ್ಕಳು,” ಎಂದೆ. ಆಮೇಲೆ ಊಟ ಬಡಿಸಿಟ್ಟು ಒಳಗೆ ಹೋಗಿಬಿಟ್ಟೆ.

ಜುಲೈ 22, ಮಂಗಳವಾರ

ಇವತ್ತು ನಡೆದದ್ದನ್ನು ಹೇಗೆ ಬರೆಯಲಿ!

ಮೋನಿಷಾ ಹೋದ ವಾರ ಅಕ್ಕನ ಮದುವೆಗೆಂದು ರಜೆ ಹಾಕಿದ್ದಳು. ಅವಳ ಬದಲು ಬಂದವನಿಗೆ ನಮ್ಮ ಒಳಗುಟ್ಟು ಗೊತ್ತಿಲ್ಲ. ರೆಕಾರ್ಡ್ ಆದದ್ದನ್ನು ಇದ್ದ ಹಾಗೇ ಹಾಕಿಬಿಟ್ಟಿದ್ದಾನೆ, ಹಾಜರಿ ಸಮೇತ! ಕಣ್ಣು ಮುಚ್ಚಿ ನಿಂತ ನಾನು, “ಅರೀಬಾ… ಮೆಹರುನ್ನೀಸಾ… ಮಾತು ನಿಲ್ಲಿಸು ಸುಕನ್ಯಾ…” ಎಂದು ಬೈಯುತ್ತಿರುವುದನ್ನು ರಾಜ್ಯವೇ ನೋಡಿದೆ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಸಂಜೆ ಚರ್ಚೆಯ ಪುಟ ನೋಡಲು ಧೈರ್ಯವಾಗಲಿಲ್ಲ. ನಾಜಿಶ್ ತಾನೇ ತೆರೆದು, ಕನ್ನಡ ಬಾರದ್ದಕ್ಕೆ ಫೋನನ್ನು ನನ್ನ ಕೈಗೆ ತುರುಕಿದಳು. “ಅಮ್ಮೀ, ಒಂದೇ ಶಬ್ದ ನೂರಾರು ಸಲ ಬರೆದಿದ್ದಾರೆ. ಏನದು?”

ಹಾಜರ್ ಮಿಸ್. ಹಾಜರ್ ಮಿಸ್. ಹಾಜರ್ ಮೇಡಂ. ಲಿಖಿತ್ ಹಾಜರ್. ‘ಮಿಸ್ ನನ್ನ ಹೆಸರು ಬಿಟ್ಟುಹೋಗಿದೆ.’ ‘ನನ್ನದೂ ಸೇರಿಸಿ.’ ಸಕ್ಲೇನ್ ಕೂಡ ‘ಹಾಜರ್’ ಎಂದಿದ್ದಾನೆ. ಸಾಬಮ್ಮ, ‘ಹಾಜರ್ ಇದ್ದೀನ್ರಿ ಮಿಸ್, ನನ್ನ ಹೆಸರು ಕರೀಲೇ ಇಲ್ಲಲ್ರಿ’ ಎಂದು ಜಗಳಕ್ಕೇ ಬಂದಿದ್ದಾಳೆ.

ಎಲ್ಲಕ್ಕಿಂತ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಂದೇಶ. ಸೌದಿಯ ದಮ್ಮಾಮಿನಿಂದ, ನಮ್ಮ ಅರೀಬಾಳದು! ಯಾರೋ ಅವಳಿಗೆ ವಿಡಿಯೋ ಕಳಿಸಿದ್ದಾರೆ. ಅವಳೀಗ ಹಲ್ಲಿನ ಡಾಕ್ಟರ್, ಮಗಳೇ ಒಂಬತ್ತನೇ ತರಗತಿ. ‘ಮಿಸ್, ಹಾಜರ್. ಆದರೆ ನಾನು ಗಣಿತದಲ್ಲಿ ಆಗಲೇ ಪಾಸಾಗಿದ್ದೇನೆ. ನನ್ನನ್ನು ಮತ್ತೆ ಫೇಲಾದವರ ಜೊತೆ ಕೂರಿಸಿದ್ದೀರಲ್ಲ!’

ನಗು ತಡೆಯಲಾಗಲಿಲ್ಲ. ನಾಜಿಶ್‌ಗೆ ಅರ್ಥ ಹೇಳುವಷ್ಟರಲ್ಲಿ ಅಳು ಬಂತು. ಅವಳು ಚಹಾ ಮಾಡಿ ತಂದಳು, ಏಲಕ್ಕಿ ಹಾಕಿ.

ಆಗಸ್ಟ್ 1, ಶುಕ್ರವಾರ

ಸುನಿಲ್ ಬೈಯುತ್ತಾನೆಂದುಕೊಂಡಿದ್ದೆ. ಆ ಪಾಠದಲ್ಲಿ ಮೊದಲ ನಿಮಿಷಕ್ಕೆ ಯಾರೂ ಎದ್ದು ಹೋಗಿಲ್ಲವಂತೆ. ಡೇಟಾ ಹಾಗೆ ಹೇಳಿತಂತೆ, ಅದಕ್ಕೇ ಅವನೂ ಒಪ್ಪಿದ. ಅರ್ಧ ನಿಮಿಷದ ಹಾಜರಿಗೆ ಅನುಮತಿ ಕೊಟ್ಟಿದ್ದಾನೆ. ಅರ್ಧ ನಿಮಿಷದಲ್ಲಿ ಎಷ್ಟು ಹೆಸರು ಹಿಡಿಸುತ್ತದೆ? ಹಳೆಯ ಹುಡುಗಿಯರ ನಡುನಡುವೆ ಹೊಸಬರನ್ನು ಸೇರಿಸಿ ಓದಿದೆ. ಬೆಂಚಿನ ಮೇಲೆ ಇನ್ನಷ್ಟು ಒತ್ತಿ ಕೂರಿಸಿದ ಹಾಗೆ.

ಆಗಸ್ಟ್ 12, ಮಂಗಳವಾರ

ರಾಮಲಕ್ಷ್ಮಮ್ಮನವರ ಸುದ್ದಿಯೇ ಇಲ್ಲ. ಪ್ರತಿ ಪಾಠಕ್ಕೂ ಧ್ವನಿ ಕಳಿಸುತ್ತಿದ್ದವರು ಎರಡು ವಾರದಿಂದ ನಾಪತ್ತೆ. ಅವರ ದನಿಗೆ ನಾನು ಕಾಯುತ್ತಿದ್ದೆನೆಂದು ಈಗ ಗೊತ್ತಾಗುತ್ತಿದೆ. ಆ ದನಿಯ ಹಿಂದೆ ಅವರ ಹಸು ಅಂಬಾ ಅನ್ನುತ್ತಿತ್ತು.

ಸುನಿಲ್‌ನನ್ನು ಕೇಳಿದೆ. “ಇನ್ಯಾಕ್ಟಿವ್ ಆಗಿದಾರೆ ಮೇಡಂ. ಆಟೊಮ್ಯಾಟಿಕ್ ರಿಮೈಂಡರ್ ಹೋಗಿರುತ್ತೆ.”

“ರಿಮೈಂಡರ್ ಅಲ್ಲಪ್ಪಾ, ಯಾರಾದ್ರೂ ಮನೆಗೆ ಹೋಗಿ ಬಂದ್ರಾ?”

ಅವನು ನನ್ನನ್ನು ನೋಡಿದ ರೀತಿ ನೋಡಬೇಕಿತ್ತು. “ಇಪ್ಪತ್ತೆರಡು ಸಾವಿರ ಜನರ ಮನೆಗಾ ಮೇಡಂ?”

ನಾನು ಒಬ್ಬರ ಮನೆ ಕೇಳಿದ್ದೆ. ನಮ್ಮ ಕಾಲದಲ್ಲಿ ಅದೊಂದು ಕ್ರಮ. ಮಗು ಬರದಿದ್ದರೆ ಮಿಸ್ಸು ಶನಿವಾರ ಮನೆಗೆ ಹೋಗುವುದು. ಬಂಬೂ ಬಜಾರಿನ ಅದೆಷ್ಟು ಓಣಿಗಳನ್ನು ಸುತ್ತಿದ್ದೇನೋ. ಕೆಲವು ಮನೆಯಲ್ಲಿ ಮದುವೆ ನಿಶ್ಚಯವಾಗಿರುತ್ತಿತ್ತು, ಕೆಲವು ಮನೆಯಲ್ಲಿ ಬರೀ ಚಪ್ಪಲಿ ಕಿತ್ತುಹೋಗಿರುತ್ತಿತ್ತು. ಹೋಗಿ ನೋಡುವ ತನಕ ಯಾವುದೆಂದು ಗೊತ್ತಾಗುತ್ತಿರಲಿಲ್ಲ.

ಆಗಸ್ಟ್ 16, ಶನಿವಾರ

ಹೋಗಿ ಬಂದೆ.

ಮೆಟ್ರೊದಲ್ಲಿ ಹೋಗಿ ಎಂದು ನಾಜಿಶ್ ಹೇಳಿದ್ದಳು. ಕೇಳಲಿಲ್ಲ ನಾನು. ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸು ಬದಲಾಯಿಸುವಷ್ಟರಲ್ಲಿ ಬುರ್ಖಾ ಪೂರ್ತಿ ಧೂಳು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಮಕ್ಕಳನ್ನು ಈ ಕಡೆಯ ದ್ರಾಕ್ಷಿ ತೋಟಕ್ಕೆ ಪ್ರವಾಸ ಕರೆತಂದಿದ್ದೆವು. ಈಗ ದ್ರಾಕ್ಷಿ ಎಲ್ಲಿ, ತೋಟ ಎಲ್ಲಿ. ಎಲ್ಲ ಗಾಜಿನ ಆಫೀಸು.

ಮುನೇಶ್ವರನ ಗುಡಿ ಹಿಂದೆ, ಕೆಳಗೆ ಕೊರಿಯರ್, ಮೇಲೆ ಪೀಜಿ, ಮುಂದೆ ಹಸು. ಯಾರನ್ನೂ ಕೇಳುವ ಅಗತ್ಯವೇ ಬೀಳಲಿಲ್ಲ. ಹಸುವಿಗೆ ಹುಲ್ಲು ಹಾಕುತ್ತಿದ್ದ ಹೆಂಗಸು ನನ್ನ ಮುಖ ನೋಡಿದರು, ಮತ್ತೆ ನೋಡಿದರು, ಹುಲ್ಲು ಕೈಯಿಂದ ಜಾರಿತು.

“ಅಯ್ಯೋ ಸಿವ್ನೇ! ಫೋನ್ನಾಗಿನ ಮಿಸ್ಸು ಮನೆಗೇ ಬಂದ್ಬುಟ್ರಲ್ಲಾ!”

“ಎರಡು ವಾರ ಆಯ್ತು, ಕ್ಲಾಸಿಗೆ ಬಂದಿಲ್ಲ ನೀವು. ಯಾಕೆ?” ಎಂದೆ. ದನಿ ಹಳೆಯ ಅಭ್ಯಾಸಕ್ಕೆ ಗಡುಸಾಗಿಯೇ ಬಂತು.

ಅವರು ತಲೆ ತಗ್ಗಿಸಿದರು. ಇಡೀ ಕಟ್ಟಡದ ಒಡತಿ, ಮೊಮ್ಮಕ್ಕಳಿರುವ ಹೆಂಗಸು, ಸೆರಗಿನ ತುದಿ ತಿರುಚುತ್ತ ನಿಂತರು. ಒಳಗೆ ಕರೆದು ಕೂರಿಸಿ, ಹಸುವಿನ ಹಾಲಿನಲ್ಲಿ ಕಾಫಿ ಮಾಡಿ ಕೊಟ್ಟ ಮೇಲೆ ಬಾಯಿಬಿಟ್ಟರು.

“ಕಿರುಪರೀಕ್ಸೆ ಇತ್ತಲ್ಲ ಮಿಸ್. ಒಂದ್ರಾಗೆ ಕಾಲು ಭಾಗ ಕಳೆದ್ರೆ ಎಷ್ಟು ಅಂತ. ನಾನು ಮುಕ್ಕಾಲು ಅಂತ ಹಾಕ್ದೆ. ಕೆಂಪಗೆ ತಪ್ಪು ಅಂತು. ಇನ್ನೊಂದ್ ಕಿತ ಹಾಕ್ದೆ. ತಪ್ಪು. ಮೂರ್ನೇ ಕಿತಾನೂ ತಪ್ಪು ಅಂದು ಬಾಗ್ಲು ಹಾಕ್ಕಂಡ್‌ಬುಡ್ತು. ಆವತ್ತು ಮಾರ್ಕ್ಸ್ ಕಾರ್ಡ್ನಾಗೂ ಗಣಿತದ ಹತ್ರ ಅಂಗೇ ಕೆಂಪು ಗೀಟು ಹಾಕಿದ್ರು. ಅದೇ ಕೆಂಪು. ನನ್ ಅಣೇಬರ ಇಷ್ಟೇಯ ಅಂತ ಫೋನ್ ಮಡಿಗ್ಬುಟ್ಟೆ.”

ಅಲ್ಲಿಂದಲೇ ಮೋನಿಷಾಗೆ ಫೋನು ಮಾಡಿ ಕೇಳಿದೆ. ಮುಕ್ಕಾಲು ಎಂದು ಪಾಠದಲ್ಲಿ ಹೇಳಿಕೊಟ್ಟವಳು ನಾನೇ. ಆ ಯಂತ್ರಕ್ಕೆ ಅಂಕಿಯಲ್ಲಿ 3/4 ಎಂದು ಬರೆದರೆ ಮಾತ್ರ ಅರ್ಥವಾಗುತ್ತದೆಯಂತೆ, ಅದನ್ನು ಅವರಿಗೆ ಯಾರೂ ಹೇಳಿಲ್ಲ. ನನಗೂ ಹೇಳಿಲ್ಲ.

“ಒಂದು ಕಾಗದ ಕೊಡಿ,” ಎಂದೆ. ಅದೇ ಲೆಕ್ಕ ಅವರ ಕೈಯಲ್ಲಿ ಬರೆಸಿದೆ. ಮುಕ್ಕಾಲು ಎಂದು ಬರೆದರು. ನನ್ನ ಚೀಲದಲ್ಲಿ ಕೆಂಪು ಪೆನ್ನು ಇನ್ನೂ ಇತ್ತು. ದೊಡ್ಡದಾಗಿ ರೈಟು ಹಾಕಿದೆ.

“ಇದೂ ಕೆಂಪೇ ನೋಡಿ. ಆದರೆ ರೈಟು.”

ರಾಮಲಕ್ಷ್ಮಮ್ಮ ಆ ಕಾಗದ ಹಿಡಿದು ಬಾಗಿಲಿಗೆ ಬಂದರು. ಆಮೇಲೆ ಪಕ್ಕದ ಮನೆಯ ಕಡೆ ತಿರುಗಿ, “ಏ ಮುನಿಆಂಜನಪ್ಪಾ, ಬಾರೋ ಇಲ್ಲಿ, ನಿಂದೂ ರೈಟೇ ಅಂತೆ ಕಣೋ!” ಎಂದು ಕೂಗಿದರು. ಅವರ ನೆಂಟನೂ ಅದೇ ಲೆಕ್ಕಕ್ಕೆ ಮುನಿಸಿಕೊಂಡು ಕೋರ್ಸು ಬಿಟ್ಟಿದ್ದನಂತೆ!

ಬರುವಾಗ ಒಂದು ಕ್ಯಾನು ಹಾಲು ಕೊಟ್ಟು ಕಳಿಸಿದರು. ಟಿನ್ ಫ್ಯಾಕ್ಟರಿಯ ನೂಕುನುಗ್ಗಲಿನಲ್ಲಿ ಅದನ್ನು ಚೆಲ್ಲದೆ ತಂದದ್ದೇ ಸಾಹಸ.

ಆಗಸ್ಟ್ 19, ಮಂಗಳವಾರ

ಸುನಿಲ್ ಜೊತೆ ಜಗಳ. ಈ ಸಲ ನಾನು ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದೆ. ಆ ಒಂದು ಪ್ರಶ್ನೆಯ ಹತ್ತಿರ ಎಷ್ಟು ಜನ ಕೋರ್ಸು ಬಿಟ್ಟಿದ್ದಾರೆ, ತೆಗೆದು ತೋರಿಸು ಎಂದೆ. ಅವನು ಹುಡುಕಿ ನೋಡಿದ. ನೂರಾರು ಜನ.

“ಸಾರಿ ಮೇಡಂ. ಇದು ನಮಗೆ ಹೊಳೀಲೇ ಇಲ್ಲ,” ಎಂದ. ಮುಖ ಚಿಕ್ಕದಾಗಿತ್ತು. ಕೂಡಲೇ ಸರಿ ಮಾಡಿಸಿದ, ಮುಕ್ಕಾಲು ಎಂದರೂ ಈಗ ಹಸಿರು ಬರುತ್ತದೆ. ಆದರೆ ಹೋದವರು ಬರಬೇಕಲ್ಲ. ಇವತ್ತಿನ ಪಾಠದಲ್ಲಿ ಹಾಜರಿಯ ಬದಲು, ಬಿಟ್ಟುಹೋದವರೆಲ್ಲ ಬನ್ನಿ, ನಿಮ್ಮ ಉತ್ತರ ಸರಿಯಾಗಿತ್ತು, ತಪ್ಪು ನಮ್ಮದು ಎಂದು ಹೇಳಿದೆ. ನೇರ ಲೆನ್ಸ್ ನೋಡಿಕೊಂಡೇ ಹೇಳಿದೆ, ಮೋನಿಷಾ ಎಚ್ಚರಿಸಬೇಕಾಗಲಿಲ್ಲ.

ಸೆಪ್ಟೆಂಬರ್ 4, ಗುರುವಾರ

ಕೊನೆಯ ಪಾಠ ಮುಗಿಯಿತು. ಶಿವಾಜಿನಗರದ ತುಂಬ ಜನಜಂಗುಳಿ. ಮೇರಿ ಮಾತೆಯ ಹಬ್ಬಕ್ಕೆ ಕಾವಿ ಉಟ್ಟವರು, ನಾಳಿನ ಈದ್ ಮಿಲಾದಿಗೆ ದೀಪದ ಸರ ಕಟ್ಟುವವರು. ಸ್ಟುಡಿಯೊಗೆ ತಡವಾಗಿ ಹೋದೆ.

ಗಣಿತದ ಪರೀಕ್ಷೆಯ ದಿನ ನಾನು ಯಾವಾಗಲೂ ಗೇಟಿನ ಬಳಿ ನಿಲ್ಲುತ್ತಿದ್ದೆ. ಒಬ್ಬೊಬ್ಬಳ ಬಾಯಿಗೂ ಒಂದು ಚೂರು ಕಲ್ಲುಸಕ್ಕರೆ ಹಾಕಿ ಒಳಗೆ ಕಳಿಸುವುದು. ಇವರಿಗೆ ಹೇಗೆ ಹಾಕಲಿ? ಒಬ್ಬರು ಯಾದಗಿರಿ, ಒಬ್ಬರು ಕಾರವಾರ. ಪಾಠದ ಕೊನೆಗೆ ತಡೆಯಲಾಗದೆ ಹೇಳಿಯೇಬಿಟ್ಟೆ. ಹದಿನಾಲ್ಕರ ಬೆಳಿಗ್ಗೆ ಹಲಸೂರಿನ ಕೇಂದ್ರದ ಗೇಟಿನಲ್ಲಿ ಕಲ್ಲುಸಕ್ಕರೆ ಹಿಡಿದು ನಿಂತಿರುತ್ತೇನೆ, ದೂರದವರು ಮನೆಯಲ್ಲೇ ಒಂದು ಚೂರು ಬಾಯಿಗೆ ಹಾಕಿಕೊಂಡು ಹೊರಡಿ, ನಾನೇ ಹಾಕಿದೆ ಅಂದುಕೊಳ್ಳಿ ಎಂದು.

ಹಾಜರಿಯನ್ನೂ ಕರೆದೆ. ರಾಮಲಕ್ಷ್ಮಮ್ಮ, ಮುನಿಆಂಜನಪ್ಪ, ಲಿಖಿತ್, ಸಕ್ಲೇನ್, ಸಾಬಮ್ಮ… ಅರ್ಧ ನಿಮಿಷ ಸಾಲಲೇ ಇಲ್ಲ. ಮೋನಿಷಾ ಕೈಯಾಡಿಸಿ, ಪರವಾಗಿಲ್ಲ, ಮುಂದುವರಿಸಿ ಎಂದಳು.

ಸೆಪ್ಟೆಂಬರ್ 14, ಭಾನುವಾರ

ಎಂಟೂವರೆಗೇ ಹೋಗಿ ನಿಂತೆ. ಅಮೀರ್ ಸಾಹೇಬರು ಅಂಗಡಿ ತೆರೆಯದೆ ಜೊತೆಗೆ ಬಂದರು. ಕಲ್ಲುಸಕ್ಕರೆಯ ಡಬ್ಬಿ ಅವರ ಕೈಯಲ್ಲಿ. “ಯಾರೂ ಬರದಿದ್ದರೆ ನಾವಿಬ್ಬರೇ ತಿಂದು ಮುಗಿಸೋಣ,” ಎಂದರು. ಅವರಿಗೂ ಒಳಗೊಳಗೆ ಹೆದರಿಕೆ ಇತ್ತು, ಪದೇ ಪದೇ ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದರು.

ಜನ ಬರತೊಡಗಿದರು. ಎಲ್ಲ ವಯಸ್ಸಿನವರು. ಯಾರು ಯಾರೆಂದು ನನಗೇನು ಗೊತ್ತು? ಮೂರು ತಿಂಗಳು ಪಾಠ ಮಾಡಿದ್ದೇನೆ, ರಾಮಲಕ್ಷ್ಮಮ್ಮ ಮತ್ತು ಅವರ ನೆಂಟನನ್ನು ಬಿಟ್ಟರೆ ಒಂದು ಮುಖ ನೋಡಿಲ್ಲ. ಅವರಿಗೆ ನನ್ನ ಗುರುತಿದೆ, ಆದರೆ ಸಂಕೋಚ. ದೂರದಲ್ಲಿ ಗುಂಪಾಗಿ ನಿಂತು ನೋಡುತ್ತಿದ್ದಾರೆ. ಹೀಗಾದರೆ ಆಗದು ಎಂದು ಗೇಟಿನ ಮೆಟ್ಟಿಲು ಹತ್ತಿ ಹಾಜರಿ ಶುರು ಮಾಡಿದೆ.

“ರಾಮಲಕ್ಷ್ಮಮ್ಮ!”

“ಹಾಜರ್ ಮಿಸ್!” ಗರುಡಾಚಾರ್‌ಪಾಳ್ಯದಿಂದ ಆಟೊದಲ್ಲಿ, ರೇಷ್ಮೆ ಸೀರೆಯುಟ್ಟು ಬಂದಿದ್ದರು.

“ಮುನಿಆಂಜನಪ್ಪ!”

“ಇದೀನಿ ಮಿಸ್. ಈಯಮ್ಮ ಎಳ್ಕೊಂಡ್ ಬಂದ್ಬುಟ್ರು.”

“ಲಿಖಿತ್!”

“ಹಾಜರ್ ಮಿಸ್!” ಬೆನ್ನಿಗೆ ಡೆಲಿವರಿ ಚೀಲ. ಪಕ್ಕದವನಿಗೆ, “ಮಗಾ, ಚೀಲ ಹಿಡ್ಕೋ, ಸಕ್ಕರೆ ಇಸ್ಕೊಂಡ್ ಬರ್ತೀನಿ,” ಎಂದು ಓಡಿ ಬಂದ.

“ಸಕ್ಲೇನ್!”

ಉತ್ತರವಿಲ್ಲ. ಇನ್ನೊಮ್ಮೆ ಕರೆದೆ. ಗುಂಪಿನ ಹಿಂದಿನಿಂದ ಗಡ್ಡದಲ್ಲಿ ನರೆ ಬಂದ ಗಂಡಸೊಬ್ಬ ಮೆಲ್ಲಗೆ ಕೈಯೆತ್ತಿದ. ಅಮೀರ್ ಸಾಹೇಬರು, “ಅರೆ, ನೀನಾ!” ಎಂದು ಡಬ್ಬಿ ಬೀಳಿಸುವುದರಲ್ಲಿದ್ದರು. ಅವರ ಅಂಗಡಿಯ ಎದುರಿಗೇ ವೆಲ್ಡಿಂಗ್ ಮಾಡುವವನು!

“ದಿನಾ ನಿಮ್ಮನ್ನ ಫೋನಲ್ಲಿ, ಸಾಹೇಬ್ರನ್ನ ಅಂಗಡೀಲಿ ನೋಡ್ತೀನಿ ಮೇಡಂ,” ಎಂದ ಸಕ್ಲೇನ್. “ಹೇಳೋಕೆ ನಾಚ್ಕೆ ಆಯ್ತು. ಈ ವಯಸ್ಸಲ್ಲಿ ಫೇಲು ಅಂತ ಹೆಂಗ್ ಹೇಳೋದು?”

“ಬಾಯಿ ತೆಗಿ,” ಎಂದೆ. ಮಗುವಿನ ಹಾಗೆ ತೆಗೆದ. ಕಲ್ಲುಸಕ್ಕರೆ ಹಾಕಿದೆ.

ಆಮೇಲೆ ಹೆಸರು ಕರೆಯುವ ಅಗತ್ಯ ಬೀಳಲಿಲ್ಲ. ಸಾಲು ತಾನೇ ಆಯಿತು. ತಮ್ಮ ಹೆಸರು ಹೇಳಿ, ಹಾಜರ್ ಎಂದು, ಬಾಯಿ ತೆರೆದು ನಿಂತರು. ಆ ಹೆಸರುಗಳಿಗೆ ನಾನು ಮನಸ್ಸಿನಲ್ಲಿ ಬೇರೆಯೇ ಮುಖ ಹಚ್ಚಿದ್ದೆ, ಒಂದೂ ಹೊಂದಲಿಲ್ಲ. ವಾಚ್‌ಮನ್ ಬೈದ, ಗಂಟೆ ಹೊಡೆಯಿತು, ಎಲ್ಲರೂ ಒಳಗೆ ಓಡಿದರು. ಖಾಲಿ ಡಬ್ಬಿ ಹಿಡಿದು ನಾವಿಬ್ಬರೇ ಉಳಿದೆವು. ಇಷ್ಟು ಸಂತೋಷ ನನಗೆ ಎಷ್ಟು ವರ್ಷದಿಂದ ಆಗಿರಲಿಲ್ಲವೋ ಏನೋ.

ಸೆಪ್ಟೆಂಬರ್ 24, ಬುಧವಾರ

ಸುನಿಲ್ ಫೋನು ಮಾಡಿದ್ದ. ರಾಜ್ಯದಲ್ಲೆಲ್ಲ ಸೇರಿ ಪರೀಕ್ಷೆ ಬರೆದವರು ಏಳುನೂರ ಚಿಲ್ಲರೆ. ಬಿಟ್ಟವರಲ್ಲಿ ಸುಮಾರು ಜನ ವಾಪಸು ಬಂದದ್ದಕ್ಕೆ ಅಷ್ಟಾದರೂ ಆಯಿತಂತೆ. ಸಾವಿರವಾಗಲಿಲ್ಲ, ಎರಡನೇ ಭಾಗ ಇಲ್ಲ. ಪಾಪ, ಅವನಿಗೇ ಬೇಜಾರು. ನಾನೇ ಸಮಾಧಾನ ಹೇಳಿದೆ.

ರಾಮಲಕ್ಷ್ಮಮ್ಮ ಪಾಸು! ನೂರಕ್ಕೆ ಅರವತ್ತೊಂದು. ಧ್ವನಿ ಕಳಿಸಿದ್ದಾರೆ, ಹಿಂದೆ ಹಸು ಕೂಗುತ್ತಿದೆ. “ಮಿಸ್, ಪಾಸು ಅಂತ ಅಸಿರು ಬಣ್ಣದಾಗೆ ಬಂತು. ಇನ್ನು ಎಸ್ಸೆಸ್ಸೆಲ್ಸಿಗೆ ಕಟ್ಬೇಕಲ್ಲ, ಈ ವೃತ್ತ ತ್ರಿಕೋನ ಎಲ್ಲಾ ಯಾರ್ ಏಳ್ಕೊಡ್ತಾರೆ? ನಮ್ ಟೆರೇಸ್ ಮೇಲೆ ನೆಳ್ಳಿಗೆ ತಗಡಿನ ಸೀಟ್ ಆಕ್ಸಿದೀವಿ. ಬಾನ್ವಾರ ಬತ್ತೀರಾ?”

ಮೋನಿಷಾಗೆ ಹೇಳಿದರೆ, “ಅದ್ಸರಿ ಮಿಸ್, ಯಾದಗಿರಿಯವ್ರು ಏನ್ಮಾಡ್ಬೇಕು? ನನ್ ಫೋನಲ್ಲೇ ಶೂಟ್ ಮಾಡಿ ಫ್ರೀಯಾಗಿ ಹಾಕ್ತೀನಿ, ಬಿಡಿ,” ಎಂದಳು.

ಯಾರ ಹತ್ತಿರವೂ ಕೈವಾರ ಇಲ್ಲವಂತೆ. ಅಮೀರ್ ಸಾಹೇಬರಿಗೆ ತರಲು ಹೇಳಿದ್ದೇನೆ. ಟ್ರಂಕಿನಂಥ ದೊಡ್ಡ ಪೆಟ್ಟಿಗೆ ಬೇಡ, ಕೈವಾರದ ಚಿಕ್ಕ ಪೆಟ್ಟಿಗೆಗಳೇ ಸಾಕು ಎಂದು ಒತ್ತಿ ಹೇಳಿದ್ದೇನೆ.

ಬೆಳ್ಳುಳ್ಳಿ ಸುಲಿಯುತ್ತ ಹಳೆಯ ಹತ್ತನೇ ‘ಬಿ’ಯ ಹಾಜರಿ ಹೇಳಿಕೊಂಡೆ. ಶಾಂತಕುಮಾರಿಯಾದ ಮೇಲೆ ಸಾಬಮ್ಮ ಎಂದು ಬಂತು. ಆಮೇಲೆ ಯಾರು ಎಂದು ಹೊಳೆಯಲೇ ಇಲ್ಲ. ವಯಸ್ಸಾಯಿತು ನನಗೆ.

ಅಕ್ಟೋಬರ್ 5, ಭಾನುವಾರ

ಟೆರೇಸಿನಲ್ಲಿ ಹನ್ನೆರಡು ಜನ ಇದ್ದರು. ಪೀಜಿಯ ಇಬ್ಬರು ಹುಡುಗಿಯರು ಬಟ್ಟೆ ಒಣಗಿಸಲು ಬಂದವರು ಹಾಗೇ ನಿಂತು ಕೇಳಿದರು. ಸಕ್ಲೇನ್ ವೆಲ್ಡಿಂಗ್ ಮಾಡಿದ ಕಬ್ಬಿಣದ ಸ್ಟ್ಯಾಂಡ್ ತಂದು ಕರಿಹಲಗೆ ನಿಲ್ಲಿಸಿದ. ಮೋನಿಷಾ ನೀರಿನ ಟ್ಯಾಂಕಿನ ಮೇಲೆ ಫೋನು ಇಟ್ಟಳು.

ಹಾಜರಿ ಕರೆದೆ. ಎದುರಿಗಿದ್ದವರೆಲ್ಲ ಹಾಜರ್ ಅಂದರು. ಆಮೇಲೆ ಸಾಬಮ್ಮನ ಹೆಸರು ಕರೆದು, ಫೋನಿನ ಕಡೆ ನೋಡಿ, ಅವಳು ಹಿಟ್ಟಿನ ಕೈ ಒರೆಸಿಕೊಂಡು ಹಾಜರ್ ಅನ್ನುವಷ್ಟು ಹೊತ್ತು ಕಾದೆ. ಯಾಕೆ ನಿಲ್ಲಿಸಿದಿರಿ ಎಂದು ಯಾರೂ ಕೇಳಲಿಲ್ಲ.

ನಂತರ ಎಲ್ಲರ ಕೈಲೂ ಕೈವಾರ ತೆರೆಸಿ ವೃತ್ತ ಶುರು ಮಾಡಿದೆ.